ತಂಗಡಗಿ ಸೀಮೆಯ ಅಂಗಮರ್ದನ ಪರಂಪರೆ ಮತ್ತು ದುಡಿಮೆಯ ಗಾಯಗಳು

ಕೃಷ್ಣಾ ನದಿಯ ದಡದಲ್ಲಿರುವ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಗ್ರಾಮವು ಕರ್ನಾಟಕದ ಇತಿಹಾಸವನ್ನು ಓದುವವರಿಗೆ ಎರಡು ಕಾರಣಗಳಿಂದ ಪರಿಚಿತವಾದುದು. ಬಸವಣ್ಣನವರ ಪತ್ನಿ ನೀಲಾಂಬಿಕೆಯು ಕಲ್ಯಾಣದಿಂದ ಕೂಡಲಸಂಗಮಕ್ಕೆ ಬರುತ್ತಿದ್ದಾಗ, ಬಸವಣ್ಣನವರು ಐಕ್ಯರಾದ ವಾರ್ತೆಯನ್ನು ಇಲ್ಲಿ ಕೇಳಿ ಇಲ್ಲಿಯೇ ಐಕ್ಯಳಾದಳೆಂಬ ಐತಿಹ್ಯವು ಮೊದಲನೆಯದು. ಕ್ರಿ. ಶ. 1565ರ ಜನವರಿ 23ರಂದು ವಿಜಯನಗರದ ಭವಿಷ್ಯವನ್ನು ನಿರ್ಣಯಿಸಿದ ಯುದ್ಧವು ತಾಳಿಕೋಟೆಯ ಹೆಸರಿನಿಂದಲ್ಲದೆ ರಕ್ಕಸತಂಗಡಿಯ ಹೆಸರಿನಿಂದಲೂ ಪ್ರಸಿದ್ಧವಾಗಿರುವುದು ಎರಡನೆಯದು. ಕಾಳಗದ ನೆಲ ಇದೇ ಎಂದು ಬೆರಳಿಟ್ಟು ತೋರಿಸುವಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ರಕ್ಕಸಗಿ ಮತ್ತು ತಂಗಡಗಿಗಳ ಹೆಸರುಗಳು ಆ ದಿನಕ್ಕೆ ಅಂಟಿಕೊಂಡು ಉಳಿದಿವೆ.

ಇವೆರಡಕ್ಕಿಂತ ಕಡಮೆ ಚರ್ಚಿತವಾದ ಮೂರನೆಯ ಕಾರಣವೊಂದುಂಟು. ನೀಲಾಂಬಿಕೆಯನ್ನು ಕರೆತರಲು ಬಸವಣ್ಣನವರು ಕಳುಹಿಸಿದ್ದು ಹಡಪದ ಅಪ್ಪಣ್ಣನನ್ನು ಎಂದು ಶರಣ ಪರಂಪರೆ ಹೇಳುತ್ತದೆ. ಆ ಅಪ್ಪಣ್ಣನ ಹೆಸರಿನ ಗುರುಪೀಠವು ತಂಗಡಗಿಯಲ್ಲಿದೆ. ಕ್ಷೌರಕಾಯಕದ ಹಡಪದ ಸಮಾಜವು ಅದನ್ನು ತನ್ನ ಗುರುಸ್ಥಾನವೆಂದು ಭಾವಿಸುತ್ತದೆ. ಕತ್ತಿ, ಕನ್ನಡಿ, ಎಣ್ಣೆಗಳೊಡನೆ ಬದುಕಿದ ಈ ಸಮಾಜದವರ ಕೈಗಳು ತಲೆಗೂದಲನ್ನು ಮಾತ್ರ ಮುಟ್ಟಲಿಲ್ಲ. ತಲೆ, ಹೆಗಲು, ಬೆನ್ನುಗಳನ್ನು ನೀವುವುದೂ ಭಾರತದ ಅನೇಕ ಪ್ರಾಂತಗಳಲ್ಲಿ ಕ್ಷೌರಿಕನ ಕೆಲಸದ ಒಂದು ಭಾಗವೇ ಆಗಿತ್ತು. ದುಡಿಮೆಯಲ್ಲಿ ನೊಂದ ದೇಹವನ್ನು ಮತ್ತೆ ದುಡಿಮೆಗೆ ಅಣಿಗೊಳಿಸಿದ ಇಂಥ ಕೈಗಳಿಗೆ ಶಾಸ್ತ್ರದಲ್ಲಿ, ಶಾಸನದಲ್ಲಿ, ಇತ್ತೀಚಿನ ಕಾಯಿದೆಗಳಲ್ಲಿ ಯಾವ ಸ್ಥಾನ ದೊರೆಯಿತು ಎಂಬುದನ್ನು ನಾವು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಹಡಪವೆಂದರೆ ಎಲೆಯಡಿಕೆಯ ಚೀಲ. ಅದನ್ನು ಹಿಡಿದವನು ಒಡೆಯನ ಮೈಯ ಸಮೀಪದಲ್ಲಿ ಸದಾ ಇರತಕ್ಕವನು. ಅಂತರಂಗದ ಮಾತನ್ನು ಕೇಳಬಲ್ಲವನು. ಅಪ್ಪಣ್ಣನು ಬಸವಣ್ಣನವರ ಆಪ್ತನಾಗಿದ್ದುದಲ್ಲದೆ ಸ್ವತಃ ವಚನಕಾರನಾಗಿದ್ದನು. ಅವನ ಪತ್ನಿ ಲಿಂಗಮ್ಮನೂ ವಚನಕಾರ್ತಿ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೆಂದರೆ ಮೈಗೆ ಸಮೀಪವಾದ ಸೇವೆಗಳನ್ನು ಲೋಕವು ಎರಡು ಬಗೆಯಾಗಿ ಕಂಡಿತೆಂಬುದು. ಅರಮನೆಯಲ್ಲಿ ಅದು ಆಪ್ತತೆಯ ಕುರುಹು. ಊರಿನಲ್ಲಿ ಅದೇ ಕೀಳೆಂಬ ಭಾವನೆಗೆ ಆಸ್ಪದ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಬೇಕಾಗಿ ಬಂದುದೇ ಆ ಭಾವನೆಯ ಬಲಕ್ಕೆ ಸಾಕ್ಷಿ.

ಅರಸರ ಮೆಚ್ಚುಗೆಗೆ ಒಂದು ಒಳ್ಳೆಯ ನಿದರ್ಶನವು ತಂಗಡಗಿಯಿಂದ ಬಹುದೂರವಲ್ಲದ ಬಾದಾಮಿಯಲ್ಲಿದೆ. ಸದಾಶಿವರಾಯನ ಆಳ್ವಿಕೆಯ ಕಾಲದಲ್ಲಿ, ರಾಜ್ಯದ ನಿಜವಾದ ಸೂತ್ರಧಾರನಾಗಿದ್ದ ಅಳಿಯ ರಾಮರಾಯನು ತಿಮ್ಮೋಜ, ಕೊಂಡೋಜ ಮೊದಲಾದ ಕ್ಷೌರಿಕರ ಕೆಲಸಕ್ಕೆ ಮೆಚ್ಚಿ ಅವರ ಸಮುದಾಯಕ್ಕೆ ತೆರಿಗೆ ಮತ್ತು ಬಿಟ್ಟಿ ದುಡಿಮೆಗಳಿಂದ ವಿನಾಯಿತಿ ಕೊಟ್ಟುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಇದೇ ವಿನಾಯಿತಿಯನ್ನು ಸಾರುವ ಶಾಸನಗಳು ಆ ಕಾಲದಲ್ಲಿ ಬೇರೆಡೆಗಳಲ್ಲಿಯೂ ಹುಟ್ಟಿದುವು. ಬಿಟ್ಟಿಯನ್ನು ಬಿಡಿಸಬೇಕಾಯಿತೆಂದರೆ ಅದಕ್ಕೆ ಮೊದಲು ಬಿಟ್ಟಿ ಇದ್ದಿತೆಂದೇ ಅರ್ಥವಷ್ಟೆ. ಮೆಚ್ಚುಗೆಯ ಶಾಸನವನ್ನು ನಾವು ಶೋಷಣೆಯ ದಾಖಲೆಯಾಗಿಯೂ ಓದಬೇಕಾಗುತ್ತದೆ. ಕ್ಷೌರಿಕರಿಗೆ ಈ ಉಪಕಾರ ಮಾಡಿದ ರಾಮರಾಯನು ತಲೆಯನ್ನು ಕಳೆದುಕೊಂಡದ್ದು, ಮುಂದೆ ಆ ಸಮುದಾಯದ ಗುರುಪೀಠಕ್ಕೆ ನೆಲೆಯಾದ ಊರಿನ ಹೆಸರನ್ನೇ ಹೊತ್ತ ಯುದ್ಧದಲ್ಲಿ ಎಂಬುದು ಒಂದು ಸೋಜಿಗ. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು; ಆದರೂ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ಇನ್ನು ಶಾಸ್ತ್ರಗಳ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಅಭ್ಯಂಗದ ವಿಚಾರ ಬರುತ್ತದೆ. ಎಣ್ಣೆ ಸವರಿದ ಗಡಿಗೆ, ಎಣ್ಣೆಯುಂಡ ತೊಗಲು, ಎಣ್ಣೆ ಹಚ್ಚಿದ ಬಂಡಿಯ ಅಚ್ಚು ಇವು ಹೇಗೆ ಗಟ್ಟಿಯಾಗಿ ಬಹುಕಾಲ ಬಾಳುತ್ತವೆಯೋ ಹಾಗೆಯೇ ಅಭ್ಯಂಗದಿಂದ ಶರೀರವೂ ಬಾಳುತ್ತದೆಂದು ಅಲ್ಲಿಯ ಆಶಯ. ಅಷ್ಟೇ ಅಲ್ಲ, ನಿತ್ಯವೂ ಎಣ್ಣೆ ನೀವಿಕೊಳ್ಳುವವನ ಮೈಗೆ ಪೆಟ್ಟು ಬಿದ್ದರೂ, ಅವನು ಬಲವನ್ನು ಬೇಡುವ ಕೆಲಸದಲ್ಲಿ ತೊಡಗಿದರೂ, ಹೆಚ್ಚಿನ ವಿಕಾರವುಂಟಾಗದೆಂದು ಗ್ರಂಥಕಾರನು ಹೇಳುತ್ತಾನೆ. ಭೋಗದ ಅಂಗವೆಂದು ನಾವು ತಿಳಿದ ಎಣ್ಣೆನೀರಿನ ಪ್ರಸ್ತಾಪದಲ್ಲಿ ಹೀಗೆ ದುಡಿಮೆಯ ಪೆಟ್ಟಿನ ನೆನಪು ಬಂದಿರುವುದು ಗಮನಾರ್ಹ. ಕನ್ನಡ ಭಾಷೆಯಂತೂ ಬಂಡಿಯ ಹೋಲಿಕೆಯನ್ನು ತನ್ನ ಪದಕೋಶದಲ್ಲಿಯೇ ಅಡಗಿಸಿಕೊಂಡಿದೆ. ಮೊಣಕಾಲಿನದೂ ಕೀಲು, ಗಾಡಿಯ ಗಾಲಿಯದೂ ಕೀಲು. ಗಾಲಿಗೆ ಹಾಕುವುದು ಕೀಲೆಣ್ಣೆ. ಸಂಸ್ಕೃತವನ್ನರಿಯದ ಒಕ್ಕಲಿಗನಿಗೆ ಚರಕನ ಉಪಮೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಸುಶ್ರುತನು ಇನ್ನೂ ಮುಂದೆ ಹೋಗುತ್ತಾನೆ. ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಮುರಿದ ಎಲುಬು ಮತ್ತು ಜಾರಿದ ಕೀಲುಗಳನ್ನು ಕುರಿತದ್ದು. ಕೈಗೆ ಪೆಟ್ಟಾದವನು ವಾಸಿಯಾಗುವ ಕಾಲದಲ್ಲಿ ಮೊದಲು ಮಣ್ಣಿನ ಉಂಡೆಯನ್ನೂ, ಆಮೇಲೆ ಉಪ್ಪಿನ ಗಡ್ಡೆಯನ್ನೂ, ಕೈಯಲ್ಲಿ ಬಲ ಬಂದ ಮೇಲೆ ಕಲ್ಲನ್ನೂ ಹಿಡಿಯಬೇಕೆಂದು ಅಲ್ಲಿ ವಿಧಿಸಿದೆ. ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ರೋಗಿಯಿಂದಲೇ ಕೆಲಸ ಮಾಡಿಸುವ ಈ ಕ್ರಮವು ಇಂದಿನ ಭೌತಚಿಕಿತ್ಸೆಯ, ಎಂದರೆ ಫಿಜಿಯೋಥೆರಪಿಯ, ತಿರುಳೇ ಆಗಿದೆ. ಅದೇ ಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯವು ಬಾರದಿರುವ ಬಾಧೆಗಳನ್ನು ಮೊದಲೇ ತಡೆಯುವ ಬಗೆಯನ್ನು ಹೇಳುತ್ತದೆ. ಅಭ್ಯಂಗ, ವ್ಯಾಯಾಮ, ಉದ್ವರ್ತನ, ಸಂವಾಹನಗಳು ಅಲ್ಲಿ ಸೇರಿವೆ. ನೌಕರರ ಕ್ಷೇಮವೆಂಬ ಹೆಸರಿನಿಂದ ಈಗ ಕಾರ್ಖಾನೆ, ಕಚೇರಿಗಳಲ್ಲಿ ನಡೆಯುತ್ತಿರುವ ಪ್ರಯತ್ನವೂ ಬಾಧೆ ಬರುವ ಮುನ್ನ ತಡೆಯುವುದೇ ತಾನೆ?

ಆದರೆ ಈ ವಿಧಿಗಳೆಲ್ಲ ಯಾರಿಗಾಗಿ ಬರೆದುವು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನಭೋಗವು ಸುಗಂಧತೈಲದೊಡನೆ ವರ್ಣಿತವಾಗಿದೆ, ಮಲ್ಲವಿನೋದದಲ್ಲಿ ಜಟ್ಟಿಗಳ ಸಾಧನೆಯ ವಿವರವಿದೆ. ಅರಸನ ಮೈ, ಅರಸನ ವಿನೋದಕ್ಕಾಗಿ ಕಾದುವ ಮಲ್ಲನ ಮೈ ಇವೆರಡೂ ಗ್ರಂಥದೊಳಕ್ಕೆ ಬಂದುವು. ಕಲ್ಲು ಹೊತ್ತು ಗುಡಿ ಕಟ್ಟಿದವನ ಬೆನ್ನು ಬರಲಿಲ್ಲ. ಮುಂದೆ ವಿಜಾಪುರದ ಆದಿಲಶಾಹಿಯಲ್ಲಿಯೂ ವೈದ್ಯವಿದ್ಯೆಗೆ ಆಶ್ರಯವಿತ್ತು. ಚರಿತ್ರಕಾರನೆಂದೇ ನಮಗೆ ಪರಿಚಿತನಾದ ಫರಿಶ್ತಾನು ವೈದ್ಯಗ್ರಂಥವೊಂದನ್ನೂ ರಚಿಸಿದನು. ಯುನಾನಿ ಪದ್ಧತಿಯಲ್ಲಿ ಮರ್ದನಕ್ಕೆ ‘ದಲ್ಕ್’ ಎಂಬ ಹೆಸರಿದ್ದು, ಅದು ಒಂದು ಚಿಕಿತ್ಸಾಕ್ರಮವೆಂದೇ ಗಣಿತವಾಗಿದೆ. ಈ ವಿದ್ಯೆಯ ಪ್ರಯೋಜನವೂ ಹೆಚ್ಚಾಗಿ ಕೋಟೆಯೊಳಗಿನದೆಂದೇ ನಾವು ಊಹಿಸುತ್ತೇವೆ.

ಊರಿನಲ್ಲಿ ಇದ್ದುದು ಬೇರೆಯ ಏರ್ಪಾಡು. ವಿಜಾಪುರ ಸೀಮೆಯ ಎರೆಭೂಮಿಯ ದುಡಿಮೆಯನ್ನು ಬಲ್ಲವರಿಗೆ ಅಲ್ಲಿಯ ನೋವುಗಳ ಪರಿಚಯವೂ ಇರುತ್ತದೆ. ಹಿಂಗಾರಿಯ ಜೋಳವನ್ನು ಈ ಭಾಗದಲ್ಲಿ ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವ ರೂಢಿಯೇ ಹೆಚ್ಚು. ದಿನವಿಡೀ ಬಗ್ಗಿ, ಬಿರುಕುಬಿಟ್ಟ ನೆಲದಿಂದ ದಂಟನ್ನು ಸೆಳೆದು ಕಿತ್ತವನ ನಡು ಸಂಜೆಗೆ ಹಿಡಿದುಕೊಳ್ಳುತ್ತದೆ. ಬಾವಿ ತೋಡುವವರಿಗೆ ಹೆಗಲು, ತಾಳಿಕೋಟೆಯ ಕಡೆಯ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸುವವರಿಗೆ ಮಣಿಕಟ್ಟು, ನದಿಯಾಚೆಯ ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕೂತವರಿಗೆ ಬೆನ್ನು ಮತ್ತು ಮೊಣಕಾಲು, ಪೇಟೆಯಲ್ಲಿ ಚೀಲ ಹೊರುವ ಹಮಾಲರಿಗೆ ಕುತ್ತಿಗೆ. ಹೀಗೆ ಒಂದೊಂದು ಕಾಯಕಕ್ಕೂ ತನ್ನದೇ ಆದ ನೋವು. ಇವಕ್ಕೆಲ್ಲ ಮದ್ದು ಮನೆಯಲ್ಲಿಯೇ ಮೊದಲಾಗುತ್ತಿತ್ತು: ಬಿಸಿ ಮಾಡಿದ ಔಡಲೆಣ್ಣೆ ಅಥವಾ ಕುಸುಬೆಯೆಣ್ಣೆ, ಹುರಿದ ಉಪ್ಪಿನ ಗಂಟಿನ ಶಾಖ, ಬಾಡಿಸಿದ ಎಕ್ಕದ ಎಲೆಯ ಕಟ್ಟು. ಅದಕ್ಕೂ ಬಗ್ಗದಿದ್ದರೆ ಉಳುಕು ತೆಗೆಯುವವರು, ಎಲುಬು ಕಟ್ಟುವವರು, ಗರಡಿಮನೆಯ ವಸ್ತಾದರು, ಕ್ಷೌರಿಕರು. ಹೆಂಗಸರಿಗೆ ಸೂಲಗಿತ್ತಿಯ ಕೈ. ಬಾಣಂತಿಯ ಮೈ ನೀವುವ ಅವಳೇ ಕಳೆ ಕೀಳುವವಳ ಸೊಂಟವನ್ನೂ ನೀವುತ್ತಿದ್ದಳು.

ಈ ಸೇವೆಗೆ ಬೆಲೆಯೇನು? ಕ್ಷೌರಿಕನು ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ವರ್ಷದ ಆಯವನ್ನು ಧಾನ್ಯರೂಪದಲ್ಲಿ ಪಡೆಯುವುದು ಅವನ ಹಕ್ಕು. ಆಯವು ವರ್ಷದ ಒಟ್ಟು ಸೇವೆಗೆ ಸಲ್ಲುತ್ತಿದ್ದುದರಿಂದ, ಇಂಥವನ ಬೆನ್ನು ನೀವಿದ್ದಕ್ಕೆ ಇಷ್ಟು ಎಂಬ ಲೆಕ್ಕ ಹುಟ್ಟಲೇ ಇಲ್ಲ. ಲೆಕ್ಕವಿಲ್ಲದಲ್ಲಿ ಕಾಗದವಿಲ್ಲ, ಕಾಗದವಿಲ್ಲದಲ್ಲಿ ನಮ್ಮಂಥ ಚರಿತ್ರೆಯ ಅಭ್ಯಾಸಿಗಳಿಗೆ ಕಣ್ಣಿಲ್ಲ. ಅಂಗಮರ್ದನದ ಚರಿತ್ರೆ ನಮ್ಮಲ್ಲಿ ಮಸುಕಾಗಿರುವುದಕ್ಕೆ ಆ ವಿದ್ಯೆಯ ಬಡತನವಲ್ಲ, ಅದರ ಸಂಬಳದ ರೀತಿಯೇ ಮುಖ್ಯ ಕಾರಣವೆಂಬುದು ನಮ್ಮ ಅಭಿಪ್ರಾಯ.

ಆದರೆ ಹಳೆಯದೆಲ್ಲವನ್ನೂ ಹೊಗಳುವ ಇರಾದೆ ನಮಗಿಲ್ಲ. ಬಿದಿರು ದಬ್ಬೆಯನ್ನು ಬಿಗಿಯಾಗಿ ಕಟ್ಟಿದ ಕೈಗೆ ರಕ್ತಸಂಚಾರ ನಿಂತು ಸ್ನಾಯುಗಳು ಸೊರಗಿ ಬೆರಳುಗಳು ಮಡಚಿಕೊಂಡುಬಿಡುವ ಅನಾಹುತವನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ನನು 1881ರಲ್ಲಿ ವಿವರಿಸಿದನು. ಎಲುಬು ಕಟ್ಟುವವರ ಅತಿಬಿಗಿಯಿಂದ ನಮ್ಮ ಹಳ್ಳಿಗಳಲ್ಲಿಯೂ ಇದು ಸಂಭವಿಸುತ್ತದೆ. ಮೊಣಕೈ ಮುರಿದ ಹೊಸದರಲ್ಲಿಯೇ ಬಲವಾಗಿ ತಿಕ್ಕಿದರೆ ಮಾಂಸದಲ್ಲಿ ಎಲುಬು ಬೆಳೆದು ಕೀಲು ಶಾಶ್ವತವಾಗಿ ಸೆಟೆಯಬಹುದು. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಯುವುದು ಹಿತವೆನಿಸಿದರೂ, ಅಲ್ಲಿಯ ರಕ್ತನಾಳ ಹರಿದು ಮಿದುಳಿಗೆ ಘಾತವಾಗುವ ಅಪಾಯವಿದೆ. ಸುಶ್ರುತನ ಮಣ್ಣು, ಉಪ್ಪು, ಕಲ್ಲುಗಳ ಕ್ರಮವು ಊರಿನ ಕೈಗಳಿಗೆ ತಲಪಲಿಲ್ಲವೆಂಬುದೇ ದೊಡ್ಡ ಕೊರತೆ. ಅಲ್ಲಿ ನೊಂದವನು ಸುಮ್ಮನೆ ಮಲಗಿರುತ್ತಾನೆ, ನೀವುವವನು ದುಡಿಯುತ್ತಾನೆ. ಗ್ರಂಥವು ಬಲ್ಲವರ ಬಳಿ ಕೈಯಿರಲಿಲ್ಲ. ಕೈಯುಳ್ಳವರ ಬಳಿ ಗ್ರಂಥವಿರಲಿಲ್ಲ.

ಬೇರೆ ದೇಶಗಳಲ್ಲಿ ಈ ಕೈ ಮತ್ತು ಗ್ರಂಥಗಳು ಕೂಡಿದ ಬಗೆಯನ್ನು ಹೋಲಿಕೆಗಾಗಿ ನೋಡಬಹುದು. ಪಾಟ್ನಾ ಮೂಲದ ಸೇಕ್ ದೀನ್ ಮಹಮ್ಮದನು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಯ ಸ್ನಾನ ಮತ್ತು ಮರ್ದನದ ಗೃಹವನ್ನು ನಡೆಸಿ, ಕೀಲುನೋವಿನವರಿಗೆ ಚಿಕಿತ್ಸೆ ಮಾಡಿ, ನಾಲ್ಕನೆಯ ಜಾರ್ಜ್ ದೊರೆಯ ಮನ್ನಣೆಗೆ ಪಾತ್ರನಾದನು. 1822ರಲ್ಲಿ ಆ ವಿಷಯವಾಗಿ ಪುಸ್ತಕವನ್ನೂ ಪ್ರಕಟಿಸಿದನು. ಅವನ ಕಸುಬಿನ ಹೆಸರು ‘ಶಾಂಪೂಯಿಂಗ್’, ಎಂದರೆ ನಮ್ಮ ದೇಶದ ಚಂಪಿ. ಇಂದು ಸೀಸೆಯಲ್ಲಿ ಮಾರುವ ಶಾಂಪೂವಿಗೆ ಒತ್ತುವುದು, ನೀವುವುದು ಎಂಬ ಮೂಲಾರ್ಥ ಮರೆತೇಹೋಗಿದೆ. ಸ್ವೀಡನ್ನಿನ ಪರ್ ಹೆನ್ರಿಕ್ ಲಿಂಗನು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ವ್ಯಾಯಾಮಶಾಲೆಯಿಂದ ಚಲನೆಯೇ ಚಿಕಿತ್ಸೆಯೆಂಬ ತತ್ತ್ವವು ಯುರೋಪಿನಲ್ಲಿ ಹಬ್ಬಿತು. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಸೇರಿ ಶಿಕ್ಷಣ ಪಡೆದ ಮರ್ದನಕಾರ್ತಿಯರ ಸಂಘವನ್ನು ಕಟ್ಟಿದರು. ಮರ್ದನವೆಂದರೆ ಲೋಕವು ಹುಬ್ಬೇರಿಸುತ್ತಿದ್ದ ಕಾಲವದು; ತಮ್ಮ ವೃತ್ತಿಯ ಮಾನವನ್ನು ಕಾಯಲು ಅವರು ಪರೀಕ್ಷೆಗಳನ್ನೂ ನಿಯಮಗಳನ್ನೂ ಏರ್ಪಡಿಸಿದರು. ಮೊದಲನೆಯ ಮಹಾಯುದ್ಧದ ಗಾಯಾಳುಗಳ ನಡುವೆ ದುಡಿದ ಬಳಿಕ 1920ರಲ್ಲಿ ಅವರ ಸಂಘಕ್ಕೆ ರಾಜಸನ್ನದು ದೊರಕಿತು. ಕೀಳೆನಿಸಿದ್ದ ಕೆಲಸವು ಸಂಘಟನೆಯಿಂದ ವೃತ್ತಿಯಾಯಿತು. ನಮ್ಮಲ್ಲಿ ಅದೇ ಕೆಲಸವು ಜಾತಿಯ ಕಟ್ಟಿನೊಳಗೆ ಉಳಿದುದರಿಂದ ಹೊರಗಿನವರು ಅದನ್ನು ಕಲಿಯಲಿಲ್ಲ. ಒಳಗಿನವರಿಗೆ ಅದರಿಂದ ಪದವಿ ಬರಲಿಲ್ಲ.

ಈ ನಡುವೆ ಕಾಯಿದೆಯು ಬಂತು. ವಿಜಾಪುರ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಬ್ರಿಟಿಷ್ ಇಂಡಿಯಾದ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯು ಇಲ್ಲಿಗೆ ನೇರವಾಗಿ ಅನ್ವಯಿಸಿತು. 1924ರ ಜುಲೈ 1ರಿಂದ ಅದು ಜಾರಿಗೆ ಬಂತು. ಆ ಕಾಯಿದೆಯ ಮೊದಲನೆಯ ಅನುಸೂಚಿಯನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ಓದತಕ್ಕದ್ದು. ಮೊಣಕೈಯಲ್ಲಿ ಅಥವಾ ಅದರ ಮೇಲೆ ಬಲಗೈ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ನೂರಕ್ಕೆ 70 ನಷ್ಟ, ಅದೇ ಎಡಗೈಯಾದರೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಬೆರಳಿಗೆ 5. ದೇಹವನ್ನು ಅವಯವ ಅವಯವವಾಗಿ ಬೆಲೆಕಟ್ಟಿದ ಈ ಪಟ್ಟಿಯು ಕಠೋರವಾಗಿ ಕಂಡರೂ, ಬಿದ್ದವನಿಗೆ ಮಾಲೀಕನ ದಯೆಯೇ ಗತಿಯಾಗಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆಯೆಂಬುದನ್ನು ಅಲ್ಲಗಳೆಯಲಾಗದು.

ಪಟ್ಟಿಯಲ್ಲಿ ಕಡಿದುಹೋದ ಅಂಗಕ್ಕೆ ಸಾಲಿದೆ. ಸೆಟೆದುಕೊಂಡ ನಡುವಿಗೆ ಸಾಲಿಲ್ಲ. ಅಂಥ ನೋವನ್ನು ತಾತ್ಕಾಲಿಕ ಅಸಾಮರ್ಥ್ಯವೆಂದಾಗಲಿ, ವೈದ್ಯರ ಅಂದಾಜಿನ ಮೇಲಾಗಲಿ ಸಾಧಿಸಿಕೊಳ್ಳಬೇಕು. ಹತ್ತಾರು ವರ್ಷ ಚೀಲ ಹೊತ್ತು ಮೆಲ್ಲಮೆಲ್ಲನೆ ಸವೆದ ಬೆನ್ನಿಗೆ ಅಪಘಾತದ ದಿನ ಯಾವುದೆಂದು ಯಾರು ಹೇಳಬಲ್ಲರು? ಪೇಟೆಯ ಹಮಾಲನಿಗೆ ಮಾಲೀಕನು ಯಾರೆಂಬುದೇ ವಾದಕ್ಕೆ ಎಡೆ. ಮೇಲಾಗಿ ಕಾಯಿದೆಯು ಕೊಟ್ಟದ್ದು ಹಣವನ್ನು; ಮತ್ತೆ ಬಗ್ಗುವಂತೆ, ಎತ್ತುವಂತೆ ಮಾಡುವ ಹೊಣೆಯನ್ನು ಅದು ಯಾರ ಮೇಲೂ ಹೊರಿಸಿರಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 34ನೆಯ ಕಲಮು, ಅಪಾಯ ತರಬಹುದಾದ ಭಾರವನ್ನು ಎತ್ತಿಸಬಾರದೆಂದು ವಿಧಿಸಿತು. ಅದೇ ವರ್ಷದ ರಾಜ್ಯ ವಿಮಾ ಕಾಯಿದೆಯು ಚಿಕಿತ್ಸೆಯನ್ನು ಹಕ್ಕಾಗಿ ಮಾಡಿತು. ಆದರೆ ಮೊದಲಲ್ಲಿ ಯಂತ್ರಶಕ್ತಿಯಿಂದ ನಡೆಯುವ, 20 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ. ಹೊಲ, ಬಾವಿ, ಕುಣಿಮಗ್ಗಗಳು ಇವೆರಡರ ಅಂಗಳದ ಹೊರಗೇ ಉಳಿದುವು.

ಕೈ ಮತ್ತು ಗ್ರಂಥಗಳನ್ನು ಕೂಡಿಸುವ ಶಿಕ್ಷಣವು ನಮ್ಮ ದೇಶದಲ್ಲಿ ಆರಂಭವಾದುದು 1953ರಲ್ಲಿ. ಪೋಲಿಯೊ ಪಿಡುಗಿನಿಂದ ನಲುಗಿದ್ದ ಮುಂಬಯಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಕೆ. ಇ. ಎಂ. ಆಸ್ಪತ್ರೆಯಲ್ಲಿ ಮೊದಲ ಫಿಜಿಯೋಥೆರಪಿ ಶಾಲೆಯು ತೆರೆಯಿತು. 1955ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘವು ಹುಟ್ಟಿತು. ಆಗ ತಂಗಡಗಿಯು ಮುಂಬಯಿ ರಾಜ್ಯದ ಒಂದು ಹಳ್ಳಿಯೇ. ರಾಜಧಾನಿಯಲ್ಲಿ ಹುಟ್ಟಿದ ವಿದ್ಯೆಯು ಕೃಷ್ಣೆಯ ದಡಕ್ಕೆ ಬರಲು ಬಹಳ ಕಾಲ ಹಿಡಿಯಿತು. ಅದು ಬರುವುದಕ್ಕೆ ಮೊದಲೇ ಇಲ್ಲಿ ದೊಡ್ಡ ಕೆಲಸಗಳು ಬಂದುವು. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಕೆಳಗಡೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ತಂಗಡಗಿಯು ಇವೆರಡರ ನಡುವಣ ತೀರದಲ್ಲಿದೆ. ಕಲ್ಲು ಒಡೆದು, ಮಣ್ಣು ಹೊತ್ತು ಕಾಲುವೆ ತೋಡಿದವರು ಬಹುಮಟ್ಟಿಗೆ ಗುತ್ತಿಗೆಯ ಆಳುಗಳು. ಅಂಥವರಿಗಾಗಿಯೇ ಒಂದು ಪ್ರತ್ಯೇಕ ಕಾಯಿದೆ, ಎಂದರೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆ, ಆದುದು 1996ರಲ್ಲಿ. ಅಣೆಕಟ್ಟುಗಳ ಎತ್ತರ, ಉದ್ದ, ನೀರಿನ ಪ್ರಮಾಣಗಳನ್ನು ಪಠ್ಯಪುಸ್ತಕಗಳು ಕೊಡುತ್ತವೆ. ಅವನ್ನು ಕಟ್ಟಿದವರ ಬೆನ್ನುಗಳು ಯಾರ ಕೈಯಲ್ಲಿ ಸುಧಾರಿಸಿದುವು ಎಂಬುದು ಮುದ್ದೇಬಿಹಾಳ, ನಿಡಗುಂದಿ, ಹುನಗುಂದದ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕಾದ ಚರಿತ್ರೆ. ಕಾಲೇಜು ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದೆರಡು ಬೇಸಗೆ ರಜೆಗಳಲ್ಲಿ ಇದು ಸಾಧ್ಯ. ತಡವಾದರೆ ಹೇಳುವವರು ಉಳಿಯಲಾರರು.

ಇತ್ತೀಚಿನ ಬೆಳವಣಿಗೆಗಳನ್ನು ಎರಡು ಮಾತಿನಲ್ಲಿ ಹೇಳಬಹುದು. ಫಿಜಿಯೋಥೆರಪಿಯೇ ಮೊದಲಾದ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ರಾಷ್ಟ್ರೀಯ ಕಾಯಿದೆಯೊಂದು ಆಯಿತು. 1923 ಮತ್ತು 1948ರ ಕಾಯಿದೆಗಳ ವಿಷಯವು 2020ರ ಕಾರ್ಮಿಕ ಸಂಹಿತೆಗಳಲ್ಲಿ ಅಡಕವಾಗಿ, ಆ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದುವು. ಚಿಕಿತ್ಸಕನಿಗೆ ಪದವಿಯೂ ದುಡಿಯುವವನಿಗೆ ಸಂಹಿತೆಯೂ ಹೀಗೆ ದೊರೆತುವು. ನಡುವೆ ಉಳಿದವನು, ಸಂತೆಯ ದಿನ ಹಮಾಲನ ಹೆಗಲನ್ನು ನೀವುವ ಸಣ್ಣ ಅಂಗಡಿಯ ಕ್ಷೌರಿಕ. ದಿನವಿಡೀ ನಿಂತೇ ದುಡಿಯುವುದರಿಂದ ಅವನ ಕಾಲಿನ ನರಗಳು ಉಬ್ಬುತ್ತವೆ. ತೋಳನ್ನು ಎತ್ತಿ ಹಿಡಿದೇ ಇರುವುದರಿಂದ ಹೆಗಲು ಹಿಡಿಯುತ್ತದೆ. ಮರ್ದನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸವೆಯುವುದು ಹೆಬ್ಬೆರಳಿನ ಬುಡದ ಕೀಲು. ಪದವೀಧರ ಚಿಕಿತ್ಸಕರಲ್ಲಿಯೂ ಈ ನೋವು ಸಾಮಾನ್ಯ. ಹೆಬ್ಬೆರಳಿಗೆ 1923ರ ಕಾಯಿದೆಯು ನೂರಕ್ಕೆ 25ರ ಬೆಲೆ ಕಟ್ಟಿದ್ದುದನ್ನು ಮೇಲೆ ಕಂಡೆವು. ಆದರೆ ತನ್ನ ಅಂಗಡಿಯನ್ನು ತಾನೇ ನಡೆಸುವ ಈ ಕ್ಷೌರಿಕನು ಯಾರ ನೌಕರನೂ ಅಲ್ಲವಾದ್ದರಿಂದ, ಆ 25 ಅವನ ಹೆಬ್ಬೆರಳಿಗೆ ಎಂದೂ ಸಂದದ್ದಲ್ಲ.